ಸರಕು, ಹೇರು, ಹೊರೆ: ಸ್ಯಾಮ್‌ನ ಬೆನ್ನ ಮೇಲಿರುವುದು ಯಾವುದು?

ಗೆಳೆಯರೇ,

‘ಡೆತ್ ಸ್ಟ್ರ್ಯಾಂಡಿಂಗ್’ ಅನ್ನುವ ವಿಡಿಯೋ ಗೇಮ್ ಬಂದದ್ದು 2019ರಲ್ಲಿ, ನಾನು ಕೈಹಾಕಿದ್ದು ಈ ವಾರ. ಹತ್ತು ಗಂಟೆ ಆಡಿರಬಹುದು. ಅದರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಣ ಅಂತ ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಕಾರ್ಗೋ’ಗೆ ಏನನ್ನೋಣ?

ಆಟ ಗೊತ್ತಿಲ್ಲದವರಿಗಾಗಿ: ಬಂಡೆ, ಹೊಳೆ, ಹಿಮ ತುಂಬಿದ ದೊಡ್ಡ ಬಯಲು. ಸ್ಯಾಮ್ ಅನ್ನುವವನು ಒಂದು ನೆಲೆಯಿಂದ ಇನ್ನೊಂದಕ್ಕೆ ಪೆಟ್ಟಿಗೆ ಒಯ್ಯುತ್ತಾನೆ. ಮುಖ್ಯ ಕೆಲಸ ಇದೇ. ಮಿಲಿಟರಿ ಆಟಗಳಿಗೆ ಹೆಸರಾದ ನಿರ್ದೇಶಕ ಹಿಡಿಯೊ ಕೊಜಿಮಾ ಅವರ ಆಟ, ಗುಂಡಿನ ಸದ್ದು ಜೋರಾಗಿರುತ್ತೆ ಅಂದುಕೊಂಡಿದ್ದೆ. ಇಲ್ಲಿಯವರೆಗೆ ನಡೆದದ್ದೇ ಜಾಸ್ತಿ.

ಮೊದಲು ‘ಸರಕು’ ಅಂತ ಬರೆದೆ. ಹೊರಡುವ ಮುಂಚೆ ಒಂದು ಪಟ್ಟಿ ಬರುತ್ತದೆ, ಪ್ರತಿ ಪೆಟ್ಟಿಗೆಯ ತೂಕ ಕಿಲೋ ಲೆಕ್ಕದಲ್ಲಿ. ಅಲ್ಲಿಗೆ ‘ಸರಕು’ ಸರಿ. ಆದರೆ ಅದೇ ಪೆಟ್ಟಿಗೆಗಳು ತಲೆಗಿಂತ ಮೇಲಕ್ಕೆ ಬೆನ್ನಿಗೇರಿದಾಗ ಆ ಪದ ಸಪ್ಪೆ. ಸ್ಯಾಮ್ ಎಡಕ್ಕೆ ವಾಲಿದರೆ ಕಂಟ್ರೋಲರಿನ ಬಲಗುಂಡಿ ಒತ್ತಬೇಕು, ಬಲಕ್ಕೆ ವಾಲಿದರೆ ಎಡಗುಂಡಿ. ನಾನು ಸೊಂಟದವರೆಗಿನ ನೀರಲ್ಲಿ ಹೊಳೆ ದಾಟಲು ಹೋಗಿ ಆಯತಪ್ಪಿ ಬಿದ್ದೆ. ಪೆಟ್ಟಿಗೆಗಳು ತೇಲಿಕೊಂಡು ಹೋದವು, ನಾನು ಅವುಗಳ ಹಿಂದೆ. ಹಾಗೆ ತೇಲಿಹೋಗುವಾಗ ಅವು ಮತ್ತೆ ಬರೀ ಸರಕು, ಅಲ್ವಾ?

‘ಹೇರು’ ಅನ್ನಬಹುದಿತ್ತು. ಆದರೆ ನಾವು ಹೇರುವುದು ಗಾಡಿಗೆ, ಎತ್ತಿಗೆ, ಇನ್ನೊಬ್ಬರ ಮೇಲೆ. ಹೇರುವವನು ಬೇರೆ, ಹೊರುವವನು ಬೇರೆ. ಇಲ್ಲಿ ಇಬ್ಬರೂ ಒಬ್ಬನೇ. ಮುಂದೆ ಬೈಕು ಸಿಗುತ್ತದೆ, ಆಗ ಆ ಪದಕ್ಕೆ ಕೆಲಸ ಸಿಕ್ಕೀತು.

ಉಳಿದದ್ದು ‘ಹೊರೆ’. ನನ್ನ ಓಟು ಇದಕ್ಕೇ. ಅಡ್ಡಿ ಒಂದಿದೆ: ಸಾಲದ ಹೊರೆ, ತೆರಿಗೆ ಹೊರೆ ಅಂತ ಪತ್ರಿಕೆಗಳು ಬರೆದೂ ಬರೆದೂ ಆ ಪದಕ್ಕೆ ಗೋಳಿನ ವಾಸನೆ ಬಂದುಬಿಟ್ಟಿದೆ. ಸ್ಯಾಮ್‌ಗೆ ಅದು ಬರೀ ಗೋಳಲ್ಲ.

ಈಗ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ ವಿಷಯ. ಸ್ಯಾಮ್ ಎದೆಯ ಮೇಲೆ ಒಂದು ಗಾಜಿನ ಬುರುಡೆ, ಅದರೊಳಗೊಂದು ಕೂಸು. ಅವನು ಬಿದ್ದರೆ ಕೂಸು ಅಳುತ್ತದೆ. ಕೈಯಲ್ಲಿರುವ ಕಂಟ್ರೋಲರನ್ನೇ ತೊಟ್ಟಿಲಿನ ಹಾಗೆ ತೂಗಿ ಸಮಾಧಾನ ಮಾಡಬೇಕು. ಬೆನ್ನಿನದನ್ನು ಹೊರುತ್ತಾನೆ, ಎದೆಯದನ್ನು? ‘ಹೊರೆಯುತ್ತಾನೆ’ ಅಂತ ಬರೆದು ಬೆಚ್ಚಿದೆ. ‘ಹೊಟ್ಟೆ ಹೊರೆಯಲು’ ಅನ್ನುತ್ತೇವಲ್ಲ, ಅದೇ ಹೊರೆ: ಸಲಹು, ಕಾಪಾಡು.

ನೋಡಿದರೆ ಎರಡೂ ಒಂದೇ ಬೇರು ಅನ್ನಿಸುತ್ತದೆ. ಅಲ್ಲ. ಹಳಗನ್ನಡದಲ್ಲಿ ಭಾರಕ್ಕೆ ‘ಪೊಱೆ’, ಸಲಹುವುದಕ್ಕೆ ‘ಪೊರೆ’. ಮೊದಲನೆಯದರಲ್ಲಿ ಶಕಟರೇಫ, ಅಂದರೆ ಈಗ ಬಳಕೆಯಲ್ಲಿಲ್ಲದ ಱ ಅಕ್ಷರ; ಎರಡನೆಯದರಲ್ಲಿ ಮಾಮೂಲಿ ರ. ಪಕಾರ ಹಕಾರವಾಯಿತು, ಱ ಬಿದ್ದುಹೋಯಿತು, ಎರಡು ಪದಗಳೂ ಒಂದೇ ಬಾಗಿಲಲ್ಲಿ ಬಂದು ನಿಂತವು. ವ್ಯುತ್ಪತ್ತಿಯ ಲೆಕ್ಕದಲ್ಲಿ ಇದು ಸುಮ್ನೆ ಆಕಸ್ಮಿಕ. ಆಟ ಆಡುವಾಗ ಹಾಗನ್ನಿಸುವುದಿಲ್ಲ, ಅದೇ ತಮಾಷೆ.

ಹೆಸರಿನ ‘ಸ್ಟ್ರ್ಯಾಂಡ್’ ಬಗ್ಗೆ ಈಗ ಬೇಡ. ಎಳೆ ಅನ್ನುವುದೂ ಅದೇ, ದಡಕ್ಕೆ ಬಿದ್ದು ಸಿಕ್ಕಿಕೊಳ್ಳುವುದೂ ಅದೇ. ಅದಕ್ಕೆ ಇನ್ನೊಂದು ಓಲೆಯೇ ಬೇಕು.

ನನಗೆ ಬೇಕಾದದ್ದು ಎರಡು. ಸ್ಯಾಮ್‌ನ ಪೂರ್ತಿ ಹೆಸರು ಸ್ಯಾಮ್ ಪೋರ್ಟರ್ ಬ್ರಿಜಸ್. ಆ ‘ಪೋರ್ಟರ್’ಗೆ ‘ಹಮಾಲಿ’ ಅಂದರೆ ದವಸದ ಮಂಡಿ ನೆನಪಾಗುತ್ತದೆ, ‘ಕೂಲಿ’ ಅಂದರೆ ಸಂಬಳ. ‘ಹೊರೆಯಾಳು’ ನಿಘಂಟಿನಲ್ಲಿದೆ, ನನಗಂತೂ ಇಷ್ಟ. ನಿಮ್ಮಲ್ಲಿ ಯಾರಾದರೂ ಅದನ್ನು ಬಾಯಿಮಾತಿನಲ್ಲಿ ಕೇಳಿದ್ದೀರಾ? ಇನ್ನೊಂದು: ‘ಆಯತಪ್ಪು’ ಎಲ್ಲರಿಗೂ ಗೊತ್ತು. ತಪ್ಪಿದ ಆಯವನ್ನು ಬೀಳುವ ಮೊದಲೇ ಮತ್ತೆ ಹಿಡಿಯುವುದಕ್ಕೆ? ‘ಸಾವರಿಸಿಕೊಳ್ಳು’ ಹತ್ತಿರ ಬರುತ್ತದೆ. ಆದರೆ ಅಳು ಬಂದಾಗಲೂ ಸಾವರಿಸಿಕೊಳ್ಳುತ್ತೇವೆ. ಕಾಲಿಗೇ ಸೇರಿದ ಪದ ಒಂದಿದ್ದರೆ ಹೇಳಿ.