ಪುತ್ತೂರು ಬೆಡಿ (ಸಿಡಿಮದ್ದು) ವಿಡಿಯೊ: ಬಣ್ಣವೆಲ್ಲ ಬೆಳ್ಳಗೆ ಬರ್ತದೆ, ಸೆಟ್ಟಿಂಗ್ ಹೇಗಿಡಬೇಕು?

ಪ್ರಶ್ನೆ:
ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರ ಜಾತ್ರೆಯ ಬೆಡಿ ಶೂಟ್ ಮಾಡಲಿಕ್ಕಿದೆ. ಸೋನಿ ಎ6400 ಕ್ಯಾಮೆರಾ, ಅದರ 16-50 ಕಿಟ್ ಲೆನ್ಸ್, ಟ್ರೈಪಾಡ್ ಇದೆ. ಆಟೊದಲ್ಲಿ ಕೆಂಪು, ಹಸಿರು ಎಲ್ಲ ಬಿಳಿಯಾಗ್ತದೆ, ಆಕಾಶ ಬೂದು, ನಡುನಡುವೆ ಫೋಕಸ್ ತಪ್ಪುತ್ತದೆ. ಫೋಟೊ ಬೇಡ, ವಿಡಿಯೊಗೆ ಮಾತ್ರ ಹೇಳಿ.

ಉತ್ತರ 1:
ಆಕಾಶ ಕಪ್ಪಿದೆ ಅಂತ ಆಟೊ ಐಎಸ್‌ಒ (ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕೆಂಬ ಅಳತೆ) ಏರಿಸಿಟ್ಟಿರ್ತದೆ. ಬೆಡಿ ಸಿಡಿದ ಕ್ಷಣಕ್ಕೆ ಅದನ್ನು ಇಳಿಸಲು ಪುರುಸೊತ್ತಿಲ್ಲ. ಹಾಗಾಗಿ ಪೂರ್ತಿ ಮ್ಯಾನುವಲ್: ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ಲೆನ್ಸಿನ ತೆರಪು ಎಫ್/8, ಐಎಸ್‌ಒ 400. ಮೊದಲ ಎರಡು ಮೂರು ಸಿಡಿತ ನೋಡಿ. ಕಿಡಿಯ ನಡುಭಾಗದಲ್ಲಿ ಬಣ್ಣ ಕಾಣದಿದ್ದರೆ ಐಎಸ್‌ಒ 200ಕ್ಕೆ ಇಳಿಸಿ, ಗೆರೆ ಮಂಕಾದರೆ 800. ಶಟರ್ ಮಾತ್ರ ಮುಟ್ಟಬೇಡಿ. 1/250 ಇಟ್ಟರೆ ಕಿಡಿಯ ಬಾಲ ಹೋಗಿ ಬರೀ ಚುಕ್ಕೆ ಉಳಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, 1/250 ಅದಕ್ಕೆ ಹೊಂದುವುದಿಲ್ಲ, ಹಾಗಾಗಿ ಜಾತ್ರೆಯ ಲೈಟುಗಳೂ ಮಿನುಗಲು ಶುರು. ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) 4500 ಕೆಲ್ವಿನ್‌ಗೆ ಲಾಕ್ ಮಾಡಿ. ಎಸ್-ಲಾಗ್ (ಎಡಿಟಿಂಗ್‌ಗೆಂದು ಮಂಕಾಗಿ ರೆಕಾರ್ಡ್ ಮಾಡುವ ಮೋಡ್) ಬೇಡ, ಈ ಕ್ಯಾಮೆರಾದ್ದು 8 ಬಿಟ್ ಫೈಲ್, ಬಣ್ಣದ ಹಂತಗಳು ಕಮ್ಮಿ. ಹೊಗೆ ತುಂಬಿದ ಆಕಾಶ ಎಡಿಟಿಂಗ್‌ನಲ್ಲಿ ಪಟ್ಟೆಪಟ್ಟೆಯಾಗ್ತದೆ.

ಉತ್ತರ 2:
ಫೋಕಸ್ ಬಗ್ಗೆ: ಬೆಡಿ ಶುರುವಾಗುವ ಮೊದಲೇ ಬೆಡಿಯಷ್ಟೇ ದೂರದ ಒಂದು ಲೈಟಿಗೆ ಮ್ಯಾಗ್ನಿಫೈಯರ್ (ಸ್ಕ್ರೀನಿನಲ್ಲಿ ದೊಡ್ಡದಾಗಿ ತೋರಿಸುವುದು) ಹಾಕಿ ಫೋಕಸ್ ಮಾಡಿ, ಎಂಎಫ್‌ನಲ್ಲೇ (ಮ್ಯಾನುವಲ್ ಫೋಕಸ್) ಬಿಡಿ. ಆ ಕಿಟ್ ಲೆನ್ಸಿನಲ್ಲಿ ಒಂದು ತೊಂದರೆ ಉಂಟು. ಕ್ಯಾಮೆರಾ ಆಫ್ ಆದರೆ ಲೆನ್ಸ್ ಒಳಗೆ ಹೋಗ್ತದೆ, ಆನ್ ಮಾಡಿದಾಗ ಜೂಮ್, ಫೋಕಸ್ ಎರಡನ್ನೂ ಮತ್ತೆ ಹೊಂದಿಸಬೇಕು. ಪವರ್ ಸೇವ್ ಸಮಯ ಹೆಚ್ಚಿಸಿಡಿ, ಬ್ಯಾಟರಿ ಮೊದಲೇ ಬದಲಾಯಿಸಿ. ಜೂಮ್ ಬದಲಿಸಿದರೂ ಫೋಕಸ್ ಇನ್ನೊಮ್ಮೆ ನೋಡಿ. ಟ್ರೈಪಾಡ್ ಮೇಲೆ ಸ್ಟೆಡಿಶಾಟ್ (ಕೈ ಅಲುಗಾಟ ತಡೆಯುವ ಸೆಟ್ಟಿಂಗ್) ಆಫ್.

ಉತ್ತರ 3:
ಸೌಂಡ್ ಯಾರೂ ಹೇಳಲಿಲ್ಲ. ಆಡಿಯೊ ಲೆವೆಲ್ ಮ್ಯಾನುವಲ್ ಮಾಡಿ. ಚೆಂಡೆ ಸದ್ದಿಗೆ ಸರಿಹೊಂದಿಸಿದರೆ ಬೆಡಿಗೆ ರೆಕಾರ್ಡಿಂಗ್ ಒಡೆದೇ ಒಡೆಯುತ್ತದೆ, ಸಾಕಷ್ಟು ಕಮ್ಮಿ ಇಡಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಅಥವಾ ಪಕ್ಕದಿಂದ ಬರುವಲ್ಲಿ ನಿಲ್ಲಿ; ಎದುರಿಂದ ಬಂದರೆ ಐದು ನಿಮಿಷದಲ್ಲಿ ಫ್ರೇಮ್ ತುಂಬ ಹೊಗೆ.

ಪ್ರಶ್ನೆ ಕೇಳಿದವರು:
ಬಹಳ ಉಪಕಾರ ಆಯ್ತು ಮಾರಾಯ್ರೆ. ಸ್ಲೋ ಮೋಷನ್ ಬೇಕಾದರೆ?

ಉತ್ತರ 1:
ಫುಲ್ ಎಚ್‌ಡಿ, ಸೆಕೆಂಡಿಗೆ 100 ಫ್ರೇಮ್, ಶಟರ್ 1/100. ಬೆಳಕು ಅರ್ಧ ಆಗ್ತದೆ, ಆದ್ದರಿಂದ ಐಎಸ್‌ಒ 400 ಇದ್ದದ್ದು 800. ಜೋರು ಮಿಂಚಿನ ಗರ್ನಾಲು (ದೊಡ್ಡ ಸದ್ದಿನ ಪಟಾಕಿ) ಸಿಡಿದಾಗ ಕೆಲವು ಫ್ರೇಮಿನಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು ಕಾಣಬಹುದು. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಹಾಗೆ, ಸೆಟ್ಟಿಂಗ್‌ನಿಂದ ಹೋಗುವುದಿಲ್ಲ. ಎಡಿಟಿಂಗ್‌ನಲ್ಲಿ ಆ ಫ್ರೇಮ್ ತೆಗೆದುಬಿಡಿ.