1983ರ ತಂಡದ ಸಹಿ ಇರುವ ಬ್ಯಾಟ್: ಅಸಲಿ ಅನ್ನೋದು ಯಾವುದಕ್ಕೆ?

ಪ್ರಶ್ನೆ

ನಮಸ್ಕಾರ. 1983ರ ವಿಶ್ವಕಪ್ ಗೆದ್ದ ನಮ್ಮ ತಂಡದ ಸಹಿಗಳಿರುವ ಪೂರ್ಣ ಗಾತ್ರದ ಬ್ಯಾಟ್ ಒಂದು ಮಾರಾಟಕ್ಕಿದೆ. ಎಲ್ಲ ಸಹಿಗಳೂ ಕಪ್ಪು ಮಾರ್ಕರಿನಲ್ಲಿವೆ. ಜೊತೆಗೆ ಹಾಲೋಗ್ರಾಂ ಅಂಟಿಸಿದ ಪ್ರಮಾಣಪತ್ರ ಕೊಡುತ್ತಾರಂತೆ. ಸಂಗ್ರಾಹಕರು ಯಾವುದನ್ನು ಅಸಲಿ ಸಹಿ ಎಂದು ಒಪ್ಪುತ್ತಾರೆ? ದುಡ್ಡು ಕೊಡುವ ಮೊದಲು ಏನೇನು ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.

ಪೂರ್ವ ಸ್ಟ್ಯಾಂಡ್

ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ. ಸಹಿ ಹಾಕಿದ ಕೈ ಯಾರದು? ಹಾಕಿದ್ದು ಯಾವಾಗ? ಯಾವುದರ ಮೇಲೆ? ಆಟಗಾರ ಸ್ವತಃ ಪೆನ್ನು ಹಿಡಿದು ಬರೆದಿದ್ದರೆ ಮಾತ್ರ ಅದು ಆಟೋಗ್ರಾಫ್. ಅಚ್ಚು ಹಾಕಿದ್ದು, ರಬ್ಬರ್ ಸ್ಟಾಂಪ್, ಯಂತ್ರ ಬರೆದದ್ದು, ಪಕ್ಕದವರು ಬರೆದುಕೊಟ್ಟದ್ದು, ಇವು ಯಾವುವೂ ಲೆಕ್ಕಕ್ಕಿಲ್ಲ. ಅಂಗಡಿಯವರು 'ಸಿಗ್ನೇಚರ್ ಬ್ಯಾಟ್' ಎಂದು ಮಾರುವುದು ಸಾಮಾನ್ಯವಾಗಿ ಆಟಗಾರನ ಸಹಿಯ ಅಚ್ಚಿರುವ ಮಾಲು. ಬಿಲ್ಲಿನಲ್ಲಿ 'ಆಟಗಾರರು ಸ್ವತಃ ಕೈಯಾರೆ ಹಾಕಿದ ಸಹಿ' ಎಂದೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ಹೆಸರು ಎಣಿಸಿ. ಆ ತಂಡದಲ್ಲಿ 14 ಆಟಗಾರರು: ಕಪಿಲ್ ದೇವ್, ಗಾವಸ್ಕರ್, ಶ್ರೀಕಾಂತ್, ಮೊಹಿಂದರ್ ಅಮರನಾಥ್, ಯಶಪಾಲ್ ಶರ್ಮಾ, ಸಂದೀಪ್ ಪಾಟೀಲ್, ಕೀರ್ತಿ ಆಜಾದ್, ಮದನ್ ಲಾಲ್, ರೋಜರ್ ಬಿನ್ನಿ, ಕಿರ್ಮಾನಿ, ಬಲ್ವಿಂದರ್ ಸಂಧು, ರವಿ ಶಾಸ್ತ್ರಿ, ವೆಂಗ್‌ಸರ್ಕಾರ್, ಸುನಿಲ್ ವಾಲ್ಸನ್. ಮ್ಯಾನೇಜರ್ ಪಿ.ಆರ್. ಮಾನ್ ಸಿಂಗ್ ಅವರದೂ ಇದ್ದರೆ 15. ವಾಲ್ಸನ್ ಆ ಕಪ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಫೈನಲ್ ಆಡಿದ ಹನ್ನೊಂದು ಜನರ ಪಟ್ಟಿ ನೋಡಿಕೊಂಡು ನಕಲು ಮಾಡುವವರು ಅವರನ್ನು ಬಿಟ್ಟುಬಿಡುವುದುಂಟು.

ಹಳೆ ಶಾಯಿ

ಮೇಲಿನವರು 'ಯಾವಾಗ' ಅಂದದ್ದನ್ನು ಸ್ವಲ್ಪ ಬಿಡಿಸುತ್ತೇನೆ, ಹೆಚ್ಚು ಜನ ಎಡವುವುದು ಅಲ್ಲೇ. ತಂಡದವರು ಮುಂದೆ ಎಷ್ಟೋ ಸಲ ಒಟ್ಟಿಗೆ ಸೇರಿದ್ದಾರೆ. ಅಂಥ ಸಮಾರಂಭದಲ್ಲಿ ಹಾಕಿದ ಸಹಿಯೂ ಅಸಲಿಯೇ, ಆದರೆ ಆ ಬ್ಯಾಟ್ 1983ರದ್ದಲ್ಲ. ಅದಕ್ಕೆ ಬೇರೆ ಬೆಲೆ. ಯಶಪಾಲ್ ಶರ್ಮಾ ತೀರಿಕೊಂಡದ್ದು ಜುಲೈ 2021ರಲ್ಲಿ. ಅವರ ಸಹಿ ಇರುವ ಬ್ಯಾಟಿನ ಮೇಲೆ ತಯಾರಕರ ಸ್ಟಿಕ್ಕರ್ ಅದಕ್ಕಿಂತ ಈಚಿನದಾಗಿದ್ದರೆ ಮುಂದಿನ ಮಾತೇ ಬೇಡ. ಬ್ಯಾಟಿನ ಬೆನ್ನಿನ ಸ್ಟಿಕ್ಕರಿನಲ್ಲಿ ವೆಬ್‌ಸೈಟ್ ವಿಳಾಸವೋ ಮೊಬೈಲ್ ನಂಬರೋ ಕಂಡರೆ ಅದು 1983ರಲ್ಲಿ ತಯಾರಾದದ್ದಲ್ಲ. ಹಿಡಿಕೆಯ ರಬ್ಬರ್ ಗ್ರಿಪ್ ಮಾತ್ರ ನಂಬಬೇಡಿ, ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ಪೆನ್ನೂ ಕಾಲ ಹೇಳುತ್ತದೆ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೀರಿಕೊಂಡದ್ದು 1962ರಲ್ಲಿ. ಹೀಗಿದ್ದೂ ಆಕೆಯ ಫೋಟೋಗೆ ಶಾರ್ಪಿಯಲ್ಲಿ ಸಹಿ ಎಂದು ಯಾರಾದರೂ ಹೇಳಿದರೆ ಹೆಚ್ಚು ಪರೀಕ್ಷೆ ಬೇಡ. ನಿಮ್ಮ ಬ್ಯಾಟಿನಲ್ಲಿ ಮಾರ್ಕರ್ ಇರುವುದೇ ದೋಷವಲ್ಲ, 1983ರ ಹೊತ್ತಿಗೆ ಮಾರ್ಕರ್ ಇತ್ತು. ಆದರೆ ಬೆಳಕಿಗೆ ಒಡ್ಡಿದ ಬ್ಯಾಟ್ ಆಗಿದ್ದರೆ ಇಷ್ಟು ವರ್ಷದಲ್ಲಿ ಕಪ್ಪು ಬಣ್ಣ ಮಾಸಿರಬೇಕು. ಮರ ಹಳದಿಗಟ್ಟಿ, ಸಹಿ ಮಾತ್ರ ನಿನ್ನೆ ಬರೆದಂತೆ ಮಿರಿಮಿರಿ ಕಪ್ಪಿದ್ದರೆ ಇಷ್ಟು ವರ್ಷ ಬ್ಯಾಟ್ ಎಲ್ಲಿತ್ತು ಎಂದು ಕೇಳಿ.

ಕಾಗದಕ್ಕೆ ಇನ್ನೊಂದು ಗುರುತಿದೆ. ಹಳೆಯ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಸಹಿ ಮಾಡಿ ಮಾರುವುದುಂಟು. ಹಾಗಾಗಿ ಕಾಗದ ಹಳೆಯದು ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಶಾಯಿ ಹರಡದಿರಲೆಂದು ಕಾಗದಕ್ಕೆ ಸೇರಿಸುವ ಅಂಟು ಹಳೆ ಕಾಗದದಲ್ಲಿ ಸತ್ತಿರುತ್ತದೆ, ಈಗ ಫೌಂಟನ್ ಪೆನ್ನಿನಲ್ಲಿ ಬರೆದರೆ ಶಾಯಿ ಎಳೆ ಎಳೆಯಾಗಿ ಹರಡುತ್ತದೆ. ಮಡಿಕೆಯ ಗೆರೆಯೊಳಕ್ಕೆ ಶಾಯಿ ಇಳಿದಿದ್ದರೆ ಸಹಿ ಬಿದ್ದದ್ದು ಮಡಿಚಿದ ಮೇಲೆ.

ಹತ್ತು ಪಟ್ಟು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಒಂದು ಟಾರ್ಚ್ ಸಾಕು. ಟಾರ್ಚನ್ನು ಬ್ಯಾಟಿಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಿರಿ. ಏನೂ ಬಳಿಯದ ಬರಿ ಮರದ ಮೇಲೆ ಮಾರ್ಕರ್ ಶಾಯಿ ಮರದ ಎಳೆಗುಂಟ ಕೂದಲಿನಂತೆ ಸ್ವಲ್ಪ ಹರಿದಿರುತ್ತದೆ. ಅಚ್ಚಿನ ಅಂಚು ಹಾಗಿರುವುದಿಲ್ಲ, ಕತ್ತರಿಸಿದಂತೆ ನೇರ. ಬಣ್ಣಬಣ್ಣದ ಚುಕ್ಕಿಗಳು ಕಂಡರೆ ಅದು ಪ್ರಿಂಟ್. ಹೊಳೆಯುವ ಫೋಟೋ ಆದರೆ ಓರೆ ಮಾಡಿ ನೋಡಿ: ನಿಜವಾದ ಶಾಯಿ ಮೇಲೆ ಕೂತಿರುತ್ತದೆ, ಅದರ ಹೊಳಪೇ ಬೇರೆ. ಕಪ್ಪು ಮಾರ್ಕರ್ ಹಲವು ಸಲ ನೇರಳೆ ಛಾಯೆ ತೋರಿಸುತ್ತದೆ. ಸಹಿಯೂ ಫೋಟೋವೂ ಒಂದೇ ಹೊಳಪಾದರೆ ಸಹಿಯನ್ನೂ ಸೇರಿಸಿ ಪ್ರಿಂಟ್ ಹಾಕಿದ್ದಾರೆ.

ಅಕ್ಷರದ ಆಕಾರಕ್ಕಿಂತ ಕೈಯ ಓಟ ನೋಡಿ. ಸಾವಿರಾರು ಸಲ ಸಹಿ ಹಾಕಿದ ಕೈ ವೇಗವಾಗಿ ಹೋಗುತ್ತದೆ, ಗೆರೆಯ ತುದಿ ಸಣ್ಣಗಾಗಿ ಮುಗಿಯುತ್ತದೆ. ನೋಡಿಕೊಂಡು ಬರೆಯುವವನ ಗೆರೆ ನಿಧಾನ. ತುದಿ ಮೊಂಡಾಗಿರುತ್ತದೆ, ತಿರುವಿನಲ್ಲಿ ಪೆನ್ನು ನಿಂತು ಮಾರ್ಕರ್ ಶಾಯಿ ಗುಂಡಗೆ ಕಟ್ಟಿರುತ್ತದೆ, ಎತ್ತಬಾರದ ಕಡೆ ಪೆನ್ನು ಎತ್ತಿರುತ್ತಾರೆ. ದಪ್ಪ ಮಾರ್ಕರ್ ಒತ್ತಡದ ಏರಿಳಿತವನ್ನು ಮುಚ್ಚಿಹಾಕುತ್ತದೆ, ಮೋಸ ಮಾಡುವವರಿಗೆ ಅದೇ ಅನುಕೂಲ.

ಹೋಲಿಸಲು ಪ್ರತಿಯೊಬ್ಬ ಆಟಗಾರನದೂ ಅದೇ ಕಾಲದ ಐದಾರು ಮಾದರಿ ಸಹಿ ಬೇಕು, ಅದೂ ಮಾರುವವರು ಕೊಟ್ಟ ಫೋಟೋ ಬೇಡ. ನಮ್ಮ ಕಡೆಯವರು ಕಿರ್ಮಾನಿ, ಬಿನ್ನಿ ಇಬ್ಬರಿಂದ ಶುರು ಮಾಡುವುದು ಒಳ್ಳೆಯದು, ಕರ್ನಾಟಕಕ್ಕೆ ಆಡಿದವರು, ಮಾದರಿ ಹುಡುಕುವುದು ಸುಲಭ. ಮಾದರಿಯನ್ನೂ ಬ್ಯಾಟನ್ನೂ ತಲೆಕೆಳಗು ಮಾಡಿ ಹೋಲಿಸಿ, ಆಗ ಕಣ್ಣು ಹೆಸರು ಓದುವುದನ್ನು ಬಿಟ್ಟು ಗೆರೆ ನೋಡುತ್ತದೆ. ಎರಡು ಸಹಿಗಳು ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ತಪ್ಪದೆ ಕೂತರೆ ಖುಷಿಪಡಬೇಡಿ. ಮನುಷ್ಯನ ಕೈಗೆ ಅದು ಸಾಧ್ಯವಿಲ್ಲ.

ಬೀಟಲ್ಸ್ ಪ್ರಿಯ

ಪಕ್ಕದವರು ಬರೆಯುವ ಪಿಡುಗು ಕ್ರಿಕೆಟ್ಟಿನದಷ್ಟೇ ಅಲ್ಲ. ಇಂಗ್ಲೆಂಡಿನ ಸಂಗೀತ ತಂಡ ಬೀಟಲ್ಸ್ ಪರವಾಗಿ ಅವರ ಜೊತೆಗಿದ್ದ ನೀಲ್ ಆಸ್ಪಿನಾಲ್, ಮ್ಯಾಲ್ ಇವಾನ್ಸ್ ಸಹಿ ಹಾಕುತ್ತಿದ್ದರು. ಅಪೋಲೋ ಗಗನಯಾತ್ರಿಗಳ ಫೋಟೋಗಳಿಗೆ ನಾಸಾ ಆಟೋಪೆನ್ ಎಂಬ ಸಹಿ ಬರೆಯುವ ಯಂತ್ರ ಬಳಸಿತ್ತು. ಇವು ಆ ಕಾಲದವೇ, ಅಧಿಕೃತ ಲಕೋಟೆಯಲ್ಲೇ ಬಂದವು, ಆದರೂ ಆಟೋಗ್ರಾಫ್ ಅಲ್ಲ. ನಿಮ್ಮ ಬ್ಯಾಟಿನಲ್ಲಿ ಮೂರು ನಾಲ್ಕು ಹೆಸರುಗಳಿಗೆ ಒಂದೇ ಓರೆ, ಒಂದೇ ಅಂತರ, ಒಂದೇ ಬಗೆಯ 'ಎಸ್' ಇದೆಯೇ ನೋಡಿ. ತಂಡದ ಒಬ್ಬನೇ ಕೂತು ಉಳಿದವರದನ್ನು ಮುಗಿಸಿರಬಹುದು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹಾಗಾದರೆ ಪ್ರಮಾಣಪತ್ರಕ್ಕೆ ಬೆಲೆಯೇ ಇಲ್ಲವೇ ಸರ್?

ಪೂರ್ವ ಸ್ಟ್ಯಾಂಡ್

ಇದೆ, ಯಾರು ಕೊಟ್ಟರು ಎಂಬುದರ ಮೇಲೆ. ಮಾರುವವನೇ ಅಚ್ಚು ಹಾಕಿಸಿದ್ದಾದರೆ ಅದು ಅವನ ಮಾತು ಅಷ್ಟೇ. ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ, ಸಹಿ ಪರೀಕ್ಷಿಸುವ ಅಮೆರಿಕದ ಸಂಸ್ಥೆಗಳು ಕ್ರಮಸಂಖ್ಯೆ ಕೊಡುತ್ತವೆ. ಅದನ್ನು ಅವರ ಜಾಲತಾಣದಲ್ಲಿ ನೀವೇ ಹಾಕಿ ನೋಡಿ, ಪತ್ರದ ಮೇಲಿನ ಕ್ಯೂಆರ್ ಕೋಡ್ ನಂಬಬೇಡಿ, ಅದು ನಕಲಿ ಪುಟಕ್ಕೆ ಒಯ್ಯಬಹುದು. ಸಂಖ್ಯೆ ಸಿಕ್ಕರೂ ಅಲ್ಲಿನ ವಿವರ ನಿಮ್ಮ ಬ್ಯಾಟಿನದೇ ಎಂದು ನೋಡಿ, ಬೇರೆ ವಸ್ತುವಿನ ಸಂಖ್ಯೆಯನ್ನು ಕದ್ದು ಅಂಟಿಸುತ್ತಾರೆ. 'ಸಹಿ ಹಾಕುವಾಗ ನಮ್ಮವರು ಎದುರಿಗಿದ್ದರು' ಎಂದು ಹೇಳುವ ಪತ್ರ ಒಂದು ದರ್ಜೆ, 'ಪರೀಕ್ಷಿಸಿ ಅಸಲಿ ಎಂದು ಅಭಿಪ್ರಾಯಪಡುತ್ತೇವೆ' ಅನ್ನುವುದು ಅದಕ್ಕಿಂತ ಕೆಳಗಿನದು. 1990ರ ದಶಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ನಡೆಸಿ ಹಿಡಿದ ಜಾಲದಲ್ಲಿ ನಕಲಿ ಸಹಿಗಳಿಗೆ ಪ್ರಮಾಣಪತ್ರಗಳೂ ಇದ್ದವು.

ಇದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಬ್ಯಾಟ್ ಬಂದ ದಾರಿ: ಯಾರು, ಯಾವ ಊರಲ್ಲಿ, ಯಾವ ಪಂದ್ಯಕ್ಕೆ ಹಾಕಿಸಿಕೊಂಡರು, ಆಮೇಲೆ ಯಾರ ಕೈಗೆ ಹೋಯಿತು. ಆಗಿನ ಫೋಟೋ, ಪತ್ರ, ಹರಾಜಿನ ರಸೀದಿ ಕೇಳಿ.

ಹಳೆ ಶಾಯಿ

ಕೊಂಡರೆ ದಯವಿಟ್ಟು ಲಿನ್ಸೀಡ್ ಎಣ್ಣೆ ಹಚ್ಚಬೇಡಿ, ವಾರ್ನಿಷ್ ಬೇಡವೇ ಬೇಡ. ಎರಡೂ ಮಾರ್ಕರ್ ಶಾಯಿಯನ್ನು ಕರಗಿಸಿ ಹರಡುತ್ತವೆ. ಮಾಸಿದ ಸಹಿಯ ಮೇಲೆ ತಿದ್ದಿದರೆ ಅಸಲಿ ಸಹಿಯೂ ಹಾಳು. ಬಿಸಿಲು, ಟ್ಯೂಬ್‌ಲೈಟ್ ನೇರ ಬೀಳದ ಕಡೆ, ಅಡುಗೆಮನೆಯ ಗೋಡೆಯಿಂದ ದೂರ ಇಡಿ. ಗಾಜಿನ ಪೆಟ್ಟಿಗೆ ಮಾಡಿಸುವುದಾದರೆ ಗಾಜು ಸಹಿಗೆ ತಾಗದಂತೆ ಒಂದು ಇಂಚು ಜಾಗ ಬಿಡಿಸಿ. ನಮ್ಮ ಮಳೆಗಾಲದಲ್ಲಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತೇವ ಹೀರಿದ ಮೇಲೆ ಬದಲಾಯಿಸುತ್ತಿರಿ.