ಸಹಾಯ ಬೇಕು: ಮೇಲ್ ಹ್ಯಾಕ್ ಆಗಿದೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬಹುದಾ?

ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. ಹೋದ ವಾರ ನಮ್ಮದೇ ಮೇಲ್‌ನಿಂದ ಹೈದರಾಬಾದಿನ ಗಿರಾಕಿಗೆ ಬಿಲ್ ಹೋಗಿದೆ, ಖಾತೆ ನಂಬರ್ ಮಾತ್ರ ಬೇರೆ ಯಾರದ್ದೋ. ಅವರು ದುಡ್ಡೂ ಹಾಕಿಬಿಟ್ಟರು. ಗೊತ್ತಾದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಾರೆ. ನಾನು ಪಾಸ್‌ವರ್ಡ್ ಬದಲಿಸಿದೆ. ಸೆಟ್ಟಿಂಗ್ಸ್ ನೋಡಿದರೆ ನಮಗೆ ಬರುವ ಮೇಲ್ ಎಲ್ಲಾ ಗುರುತಿಲ್ಲದ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿತ್ತು! ಸ್ಕ್ರೀನ್‌ಶಾಟ್ ತೆಗೆದು ಅದನ್ನೂ ಬಂದ್ ಮಾಡಿದೆ. ತಪ್ಪು ನಮ್ಮದೂ ಇದೆ ಬಿಡಿ, ಒಂದೇ ಪಾಸ್‌ವರ್ಡ್ ನಾಲ್ಕು ಜನರ ಹತ್ತಿರ, ಗೋಡೆ ಮೇಲೆ ಚೀಟಿ ಬೇರೆ.

ರಿಪೇರಿ ಹುಡುಗ ಫಾರ್ಮ್ಯಾಟ್ ಮಾಡೋಣ ಅನ್ನುತ್ತಾನೆ. ಪಕ್ಕದ ಯೂನಿಟ್‌ನವರು ಸಾಕ್ಷಿ ಹೋಗುತ್ತದೆ, ಮುಟ್ಟಬೇಡಿ ಅನ್ನುತ್ತಾರೆ. ಸುಮ್ನೆ ಇಟ್ಟರೆ ವೈರಸ್ ಭಯ, ಸಂಬಳದ ಲೆಕ್ಕವೂ ಅದರಲ್ಲೇ ಇದೆ. ಹಳೇ ಹಾರ್ಡ್‌ಡಿಸ್ಕ್ ತೆಗೆದಿಟ್ಟು ಹೊಸದು ಹಾಕಿಕೊಂಡರೆ ಪೊಲೀಸರ ತನಿಖೆಗೆ ಅಷ್ಟು ಸಾಕಾಗುತ್ತದಾ? ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ.